ಕುಲುಮೆಯ ಬೂದಿಯಲ್ಲಿ ಹುದುಗಿದ ರಾಗಿ

ಮೊನ್ನೆ ಮಗಳು ತನ್ನ ಕೂಸಿನ ಗಂಜಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದಳು. ಬೆಳಗ್ಗೆ ಗಂಟು ಬಿಚ್ಚಿದಾಗ ಬಂದ ವಾಸನೆಗೆ ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತುಹೋಯಿತು. ಒದ್ದೆ ಮಣ್ಣಿನಂಥ, ಒಂದಿಷ್ಟು ಸಿಹಿಯಾದ ಮೊಳಕೆಯ ವಾಸನೆ... ಹದಿನೈದು ವರ್ಷದ ಹಿಂದೆ ಅದು ನನ್ನ ಕೈಗೆ, ಸೀರೆಗೆ, ಕೂದಲಿಗೆ ಅಂಟಿಕೊಂಡಿತ್ತು. ಅಂಟಿಸಿದವಳು ಪಕ್ಕದ ಮನೆಯ ಅಕ್ಕ.

ಸುಲ್ತಾನರ ಪಟ್ಟಣದ ಕೋಟೆ ಬೀಳುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಸಿಂಧಘಟ್ಟದಲ್ಲಿ ನಮ್ಮದು ಕಮ್ಮಾರರ ಮನೆ. ಊರ ಗೌಡ ಪ್ರತಿ ಮುಂಗಾರಿಗೂ ತನ್ನ ನೇಗಿಲ ಗುಳಗಳನ್ನು ಬಿಟ್ಟಿಯಾಗಿ ತಟ್ಟಿಸಿಕೊಳ್ಳುತ್ತಿದ್ದ. ಆ ವರ್ಷ ನನ್ನ ಗಂಡ ಆಗುವುದಿಲ್ಲ ಎಂದುಬಿಟ್ಟರು. ಕೋಟೆಯ ಕೆಲಸಕ್ಕೆ ಒಬ್ಬ ಕಮ್ಮಾರನನ್ನು ಕಳಿಸಿ ಎಂದು ಅಪ್ಪಣೆ ಬಂದಾಗ ಗೌಡ ಕೊಟ್ಟದ್ದು ಅವರ ಹೆಸರನ್ನು. ಮೂರು ತಿಂಗಳ ಕೆಲಸ ಎಂದು ಕರೆದುಕೊಂಡು ಹೋದರು. ಐದನೆಯ ತಿಂಗಳಲ್ಲಿ, ಜ್ವರ ಬಂದು ತೀರಿಕೊಂಡರೆಂಬ ಸುದ್ದಿ ಮಾತ್ರ ಬಂತು. ಮಗಳಿಗೆ ಆಗ ಮೂರು ವರ್ಷ.

ಅಕ್ಕ ತೊಣ್ಣೂರಿನ ಕಡೆಯವಳು, ಒಂಟಿ ಹೆಂಗಸು. ರಾಗಿ ಹೆಂಡ ಕಟ್ಟುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಹೆಂಡ ಕಟ್ಟಬಾರದು, ಕುಡಿಯಬಾರದು ಎಂದು ಪಟ್ಟಣದಿಂದ ಕಟ್ಟಪ್ಪಣೆಯಾಗಿತ್ತು. ಆದರೂ ಅವಳು ಕದ್ದು ಕಟ್ಟುತ್ತಿದ್ದಳು. ಗೌಡ ಕದ್ದು ಕುಡಿಯುತ್ತಿದ್ದ. ಕಾಲುವೆ ಪಕ್ಕದ ಅವಳ ಗದ್ದೆಯ ಮೇಲೆ ಗೌಡನ ಕಣ್ಣು ಬಿತ್ತು. ಅವಳು ಕೊಡಲಿಲ್ಲ. ಅಷ್ಟು ವರ್ಷ ಕುಡಿದ ಬಾಯಲ್ಲೇ ಅವಳ ಮೇಲೆ ದೂರು ಹೇಳಿ, ಆಳುಗಳನ್ನು ಕರೆತಂದು ಗಡಿಗೆಗಳನ್ನೆಲ್ಲ ಒಡೆಸಿದ. ತಪ್ಪಿಗೆ ದಂಡವೆಂದು ಗದ್ದೆ ಅವನ ಪಾಲಾಯಿತು.

ನನ್ನ ಗಂಡನ ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಬಂದು ನನ್ನ ಪಕ್ಕ ಕುಳಿತಳು. ಸಮಾಧಾನದ ಮಾತು ಒಂದೂ ಆಡಲಿಲ್ಲ.

"ನಿನ್ ಕುಲುಮೆ ಸುಮ್ನೆ ಬಿದ್ದದಲ್ಲ ಕಣಮ್ಮಿ, ಅದ್ರೊಳಕ್ಕೆ ಯಾರಾದ್ರೂ ಬತ್ತಾರಾ?"

"ಯಾರೂ ಬರಲ್ಲ ಕಣಕ್ಕ."

"ಅಂಗಾರೆ ಎಂಡ ಕಟ್ಟಾದ ಕಲ್ತ್ಕೊ. ನನ್ನ ಮನೆ ಮ್ಯಾಲೆ ಗೌಡನ್ ಕಣ್ಣದೆ. ನಿನ್ ಮನೆ ಮ್ಯಾಲಿಲ್ಲ."

ಯಾಕೆ ಎಂದು ನಾನು ಕೇಳಲಿಲ್ಲ. ಗೌಡನ ಮೇಲಿನ ಸೇಡಿಗೆಂದು ಅವಳ ಮುಖದಲ್ಲೇ ಬರೆದಿತ್ತು. ಹೆಂಡದ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಮನೆ ನಮ್ಮದು. ಆದರೆ ಮಗ ಹೋದ ಮೇಲೆ ನನ್ನ ಅತ್ತೆ ಕುಲುಮೆಯ ಕಡೆ ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ.

ಮೊದಲ ಸಲ ನಾನು ರಾಗಿಯನ್ನು ಹೆಚ್ಚು ದಿನ ಕಟ್ಟಿಟ್ಟು ಬೂಷ್ಟು ಹಿಡಿಸಿದೆ. ಎರಡನೆಯ ಸಲ ಮೊಳಕೆಯನ್ನು ನೆರಳಲ್ಲಿ ಒಣಗಿಸಿ, ತರಿತರಿಯಾಗಿ ಬೀಸಿ, ಎಲ್ಲ ಸರಿಯಾಗಿ ಮಾಡಿದವಳು ಕುದಿಯುವ ಅಂಬಲಿಗೇ ಆ ಹಿಟ್ಟನ್ನು ಸುರಿದುಬಿಟ್ಟೆ. ಮೂರು ದಿನ ಕಾದರೂ ಒಂದು ಗುಳ್ಳೆ ಏಳಲಿಲ್ಲ. ಅಂಬಲಿ ಬೆರಳಿಟ್ಟರೆ ಬೆಚ್ಚಗೆ ಅನ್ನಿಸುವಷ್ಟು ಆರಿರಬೇಕಿತ್ತು. ಮೂರನೆಯದಕ್ಕೆ ಮಜ್ಜಿಗೆಯ ಗಡಿಗೆ ತೆಗೆದುಕೊಂಡೆ. ಹಲ್ಲು ಚಳಿತುಹೋಗುವಷ್ಟು ಹುಳಿ. ಅಕ್ಕ ಒಂದು ಗುಟುಕು ಬಾಯಿಗೆ ಹಾಕಿ ಉಗಿದಳು. "ಇದ ಎಮ್ಮೆನೂ ಮೂಸಲ್ಲ."

ನನಗೆ ರೇಗಿತು. ಗೌಡನಿಗೆ ಅಮಲೇರಿದರೆ ಸಾಲದೇ, ರುಚಿ ಕಟ್ಟಿಕೊಂಡು ಏನಾಗಬೇಕು ಎಂದೆ.

"ಕೆಟ್ಟದ್ದಾದ್ರೆ ಒಂದ್ ಬಟ್ಲು ಕುಡ್ದು ಬುಟ್ಬುಡ್ತಾನೆ. ಒಳ್ಳೇದಾದ್ರೆ ಗಡಿಗೆ ತಳ ಕಾಣಗಂಟ ಏಳಕ್ಕಿಲ್ಲ" ಎಂದಳು.

ಅಂದಿನಿಂದ ನಾನು ಕಲಿತೆ. ಹೊಸ ಗಡಿಗೆಯನ್ನು ಹುಲ್ಲಿನ ಹೊಗೆಗೆ ಹಿಡಿದೆ. ಹಳೆಯ ಹೆಂಡದ ಗಸಿಯನ್ನು ಅವಳು ಹೇಳಿದಷ್ಟೇ ಬೆರೆಸಿದೆ. ಗಡಿಗೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ನನ್ನ ಗಂಡ ಕಬ್ಬಿಣ ಕಾಯಿಸುತ್ತಿದ್ದ ಗುಳಿಯಲ್ಲಿ ನಾಲ್ಕು ಕೆಂಡದ ಮೇಲೆ ಬೂದಿ ಮುಚ್ಚಿ, ಅದರೊಳಗೆ ಹೂತಿಟ್ಟೆ. ಇದ್ದಿಲಿನ ವಾಸನೆಯಲ್ಲಿ ಹೆಂಡದ ವಾಸನೆ ಅಡಗಿಹೋಯಿತು. ಮಾರನೆಯ ದಿನ ಕಿವಿಯಿಟ್ಟರೆ ಒಳಗೆ ಸಣ್ಣಗೆ ಚಿಟಚಿಟ ಸದ್ದು... ಸೋಸಿ ಕೊಟ್ಟಾಗ ಅಕ್ಕ ಬಟ್ಟಲನ್ನು ಪೂರ್ತಿ ಕುಡಿದು ಕೆಳಗಿಟ್ಟಳು. ಹೊಗಳಲಿಲ್ಲ. "ಈಗ ಅವ್ನು ಸತ್ತ" ಎಂದಳು. ಆ ದಿನ ನಾನು ನಕ್ಕೆ. ಗಂಡ ಹೋದ ಮೇಲೆ ಮೊದಲ ಸಲ.

ದಂಡಿನ ಗಾಡಿಗಳಿಗೆ ಎತ್ತು ಆರಿಸಲು ಪಟ್ಟಣದಿಂದ ಒಬ್ಬ ಅಧಿಕಾರಿ ಬರುವ ದಿನ ಗೊತ್ತಾಯಿತು. ಅವತ್ತು ಬೆಳಗ್ಗೆ ಅಕ್ಕ ನಾನು ಕಟ್ಟಿದ ಗಡಿಗೆಯನ್ನು ಹುಲ್ಲುಹೊರೆಯಲ್ಲಿ ಅಡಗಿಸಿಕೊಂಡು ಗೌಡನ ಹಿತ್ತಲಿಗೆ ಹೋದಳು. ತಪ್ಪಾಯಿತು, ಹಳೆಯದನ್ನು ಮರೆತುಬಿಡಿ ಎಂದು ಅವನ ಕಾಲು ಮುಟ್ಟಿದಳಂತೆ. ಅವನು ಅವಳ ಗಡಿಗೆ ಒಡೆಸಿದಂದಿನಿಂದ ಬಾಯಾರಿದ್ದವನು.

ಮಧ್ಯಾಹ್ನ ಊರ ಮುಂದೆ ಜನವೆಲ್ಲ ಸೇರಿತ್ತು. ಗೌಡ ಎತ್ತುಗಳನ್ನು ಎಣಿಸುತ್ತ ಒಂದೇ ಎತ್ತನ್ನು ಮೂರು ಸಲ ಎಣಿಸಿದ. ಆಮೇಲೆ ಅದರ ಕೊರಳು ತಬ್ಬಿಕೊಂಡು, "ಇದ ಕೊಡಾಕಿಲ್ಲ, ಏನ್ ಕಿತ್ಕತೀಯಲಾ?" ಎಂದು ಅಧಿಕಾರಿಯನ್ನೇ ಕೇಳಿದ. ಅಧಿಕಾರಿ ಹತ್ತಿರ ಬಂದು ಅವನ ಬಾಯಿ ಮೂಸಿದ. ಊರೆದುರಿಗೆ ಪೇಟ ಕಿತ್ತೆಸೆದು, ಗೂಟಕ್ಕೆ ಕಟ್ಟಿಸಿ ಹೊಡೆಸಿದ. ಗೌಡಿಕೆ ಅವತ್ತೇ ಹೋಯಿತು. ಒಂದೊಂದು ಏಟನ್ನೂ ನಾನು ಕಣ್ಣು ಮಿಟುಕಿಸದೆ ನೋಡಿದೆ. ಹಬ್ಬದೂಟ ಉಂಡಹಾಗಿತ್ತು. ಈಗಲೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಎಲ್ಲಿಂದ ಬಂತು ಹೆಂಡ ಎಂದು ಕೇಳಿದರು. ಗೌಡ ಅಕ್ಕನ ಕಡೆ ಕೈ ತೋರಿಸಿದ. ನಾನು ಅವಳ ಮಗ್ಗುಲಲ್ಲೇ ನಿಂತಿದ್ದೆ. ಕಟ್ಟಿದ್ದು ನಾನು ಎನ್ನಲು ಬಾಯಿ ತೆರೆದೆ. ಸೊಂಟದ ಮೇಲೆ ಮಗಳಿದ್ದಳು... ಮಾತು ಹೊರಡಲಿಲ್ಲ.

"ಊಂ, ನಾನೇ ಕಟ್ಟಿದ್ದು" ಎಂದಳು ಅಕ್ಕ, ಜೋರಾಗಿ, ಜಂಬದಿಂದ. ಕೈ ಕಟ್ಟಿ ನನ್ನ ಮುಂದೆಯೇ ಪಟ್ಟಣದ ಸೆರೆಗೆ ಎಳೆದುಕೊಂಡು ಹೋದರು. ಹೋಗುವಾಗ ಮೆಲ್ಲಗೆ, "ಕೂಸ ಎತ್ಕೊಂಡು ಮನೆಗೋಗು" ಎಂದಳು.

ಮುಂದಿನ ವರ್ಷ ಪಟ್ಟಣ ಬಿತ್ತು. ಸೆರೆಯಲ್ಲಿದ್ದವರನ್ನು ಬಿಟ್ಟರೆಂದು ಕೇಳಿ ನಡೆದುಕೊಂಡೇ ಹೋದೆ. ಹೊಳೆಯ ದಡದಲ್ಲಿ, ಮುರಿದ ಗೋಡೆಗಳ ಹತ್ತಿರ, ಸಿಕ್ಕಸಿಕ್ಕವರನ್ನು ಕೇಳಿದೆ. ತೊಣ್ಣೂರಿಗೂ ಹೋಗಿ ಬಂದೆ. ಅವಳನ್ನು ಕಂಡವರು ಒಬ್ಬರೂ ಸಿಗಲಿಲ್ಲ.

ಮೊನ್ನೆ ಆ ವಾಸನೆ ಬಂದ ಮೇಲೆ ನನಗೆ ಕೂರಲಾಗಲಿಲ್ಲ. ನಿನ್ನೆ ಗೌಡನ ಮನೆಗೆ ಹೋದೆ. ಜಗುಲಿಯ ಮೇಲೆ ಮುದುಡಿ ಕುಳಿತಿದ್ದ. ಕಮ್ಮಾರನ ಹೆಂಡತಿಯೇ ತನ್ನನ್ನು ಕೆಡವಿದ್ದು ಎಂಬುದನ್ನು ತಿಳಿದುಕೊಂಡೇ ಅವನು ಸಾಯಬೇಕಿತ್ತು.

"ಅವತ್ತಿನ ಆ ಎಂಡ ಕಟ್ಟಿದ್ದು ಅಕ್ಕ ಅಲ್ಲ, ನಾನು" ಎಂದೆ.

ಅವನು ನನ್ನ ಕಡೆ ಕತ್ತು ಹೊರಳಿಸಿದ. "ಯಾವ ಅಕ್ಕ?" ಎಂದ. ಆಮೇಲೆ ತುಟಿ ಸವರಿಕೊಂಡು, "ಒಸಿ ಇದ್ರೆ ಕೊಡವ್ವ" ಎಂದ.

"ಅಪ್ಪಯ್ಯಂಗೆ ಏನೂ ನೆಪ್ಪಿಲ್ಲ ಕಣಕ್ಕ" ಎಂದ ಒಳಗಿನಿಂದ ಬಂದ ಮಗ.

ನಾನು ಎದ್ದು ಬಂದೆ. ಹದಿನೈದು ವರ್ಷ ಕಾಪಾಡಿಕೊಂಡಿದ್ದ ಆ ಮಾತು ಗೌಡನಿಗೆ ಹೇಳಬೇಕಾದದ್ದೇ ಆಗಿರಲಿಲ್ಲ. ಊರ ಮುಂದೆ ಅವಳ ಕೈ ಕಟ್ಟುತ್ತಿದ್ದಾಗ ಹೇಳಬೇಕಾಗಿತ್ತು.