ಸೌಪರ್ಣಿಕೆಗೆ ಇಳಿದ ಹೊಸ ಕಾರು

ಬ್ರಹ್ಮಾವರದಿಂದ ಬೆಳಿಗ್ಗೆ ಹೊರಟಾಗಲೇ ಜೋರು ಮಳೆ. ಬೈಂದೂರಿನ ನೆಂಟರ ಮನೆಯಲ್ಲಿ ನಾಮಕರಣವಿತ್ತು. ನನ್ನ ಹೆಂಡತಿಯ ಅಣ್ಣ ದಿನೇಶ ಭಾವ ಪುಣೆಯಲ್ಲಿ ಹೋಟೆಲು ನಡೆಸುವವರು. ಹೊಸ ಎಲೆಕ್ಟ್ರಿಕ್ ಎಸ್‌ಯುವಿಯನ್ನು ಅಲ್ಲಿಂದಲೇ ಓಡಿಸಿಕೊಂಡು ಬಂದಿದ್ದರು. ನಾನು ಮುಂದೆ, ಭಾವನ ತಾಯಿ ಅಂದರೆ ನನ್ನ ಅತ್ತೆ ಹಿಂದೆ ಕೂತೆವು. “ಮಗಾ, ಕಾರ್ ಶುರು ಆಯ್ತಾ?” ಎಂದು ಅತ್ತೆ ಕೇಳಿದಾಗ ನಾವು ಸಾಲಿಗ್ರಾಮ ದಾಟಿದ್ದೆವು. ಅಷ್ಟು ನಿಶ್ಶಬ್ದ.

ಕುಂದಾಪುರದಲ್ಲಿ ಕಾರು ಚಾರ್ಜಿಗೆ, ನಾವು ಬನ್ಸಿಗೆ. ಹೆಮ್ಮಾಡಿ ದಾಟಿ ಮರವಂತೆಗೆ ಬಂದರೆ ಹೆದ್ದಾರಿಗೆ ಮರ ಬಿದ್ದು ವಾಹನಗಳು ಸಾಲುಗಟ್ಟಿದ್ದವು. ಎಡಕ್ಕೆ ಕಡಲು ಬಂಡೆಗಳಿಗೆ ಅಪ್ಪಳಿಸಿ ಗಾಜಿನ ಮೇಲೆ ಉಪ್ಪುನೀರು ಎರಚುತ್ತಿತ್ತು. ಭಾವ ಕಾರು ತಿರುಗಿಸಿ ಸೌಪರ್ಣಿಕಾ ಹೊಳೆ ಬದಿಯ ಒಳದಾರಿ ಹಿಡಿದರು. ರಸ್ತೆಯ ಮೇಲೆ ಒಂದು ಗೇಣು ನೀರಿತ್ತು. “ಈ ಗಾಡಿಗೆ ಇದೆಲ್ಲ ಎಂತದೂ ಅಲ್ಲ” ಎಂದರು.

ಎದುರಿನಿಂದ ಬಂದ ಬೈಕಿಗೆ ದಾರಿ ಬಿಡಲು ಎಡಕ್ಕೆ ಸರಿದದ್ದೇ ತಡ, ರಸ್ತೆಯ ಅಂಚು ಕುಸಿಯಿತು. ಭಾರದ ಕಾರು ಹೊಳೆಯ ಕಡೆಗೆ ವಾಲಿ ನಿಂತಿತು. ಭಾವ ಬಾಗಿಲು ತೆರೆದು ಮೇಲೆ ಹತ್ತಿದರು, ಹಿಂದೆಯೇ ನಾನು. ವಾಲಿದ್ದ ಬಾಗಿಲು ತನ್ನಷ್ಟಕ್ಕೆ ಧಡ್ಡನೆ ಮುಚ್ಚಿಕೊಂಡಿತು. ಹಿಂದಿನ ಬಾಗಿಲು ಎಳೆಯೋಣವೆಂದರೆ ಹಿಡಿಕೆಯೇ ಇಲ್ಲ, ಕಾರು ತಾನೇ ಲಾಕ್ ಆಗಿ ಎಲ್ಲ ಹಿಡಿಕೆಗಳೂ ಬಾಗಿಲೊಳಗೆ ಅಡಗಿಕೊಂಡಿದ್ದವು. ಲಾಕ್ ತೆಗೆಯಲು ಭಾವ ಮೊಬೈಲಿನಲ್ಲಿ ಕಾರಿನ ಆ್ಯಪ್ ಒತ್ತುತ್ತಲೇ ಇದ್ದರು. ಒಳಗೆ ಹಾಡು ನಡೆಯುತ್ತಿತ್ತು. ಗಾಜಿಗೆ ಅಂಗೈ ಒತ್ತಿ ಅತ್ತೆ ಏನೋ ಕೂಗುತ್ತಿದ್ದರು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಹಿಂದಿನಿಂದ ತೆಂಗಿನಕಾಯಿ ತುಂಬಿದ ಹಳೆಯ ಜೀಪೊಂದು ಬಂತು.

“ಹ್ವಾಯ್, ಒಳ್ಗ್ ಯಾರ್ ಇದ್ರ್?” ಎನ್ನುತ್ತ ಚಾಲಕ ಹಾರಿ ಇಳಿದ. ರಘು ಎಂಬುದು ಅವನ ಹೆಸರು ಎಂದು ಆಮೇಲೆ ತಿಳಿಯಿತು. ಜೀಪಿಗೂ ಕಾರಿನ ಹಿಂದಿನ ಚಕ್ರಕ್ಕೂ ಹಗ್ಗ ಬಿಗಿದು, ಚಕ್ರದ ಪಾನಾದಿಂದ ಗಾಜಿಗೆ ಬಡಿದ. ಮೂರನೆಯ ಏಟಿಗೆ ಗಾಜು ಪುಡಿಯಾಯಿತು. ಅವನೂ ನಾನೂ ಸೇರಿ ಅತ್ತೆಯನ್ನು ತೋಳು ಹಿಡಿದು ಹೊರಗೆಳೆದೆವು.

ಅಷ್ಟರಲ್ಲಿ ಕಾರು ಮತ್ತೆ ಜಾರಿತು. ಹಗ್ಗ ತಂತಿಯಂತೆ ಬಿಗಿಯಿತು. ನಿಂತಿದ್ದ ಜೀಪು ಚಕ್ರ ತಿರುಗದೆಯೇ ಕೆಸರಿನಲ್ಲಿ ಮುಂದೆ ಸರಿಯತೊಡಗಿತು. ರಘು ಸೀಟಿನಡಿಯಿಂದ ಕತ್ತಿ ತೆಗೆದ.

“ಕಡೀಬೇಡಿ! ಜೀಪಿಂದ ಒಂದ್ ಸಲ ಎಳ್ದು ನೋಡಿ!” ಭಾವ ಅವನ ಕೈ ಹಿಡಿದುಕೊಂಡರು.

“ಅಮ್ಮ ಸಿಕ್ರಲೆ ಮಾರಾಯ್ರೆ! ಈ ಜೀಪೂ ಹೊಳಿಗ್ ಹೋರೆ ನಮ್ ಮನಿ ಒಲಿ ಹೊತ್ತುದಿಲ್ಲ!” ಎಂದವನೇ ಕೈ ಕೊಡವಿ ಹಗ್ಗ ಕಡಿದ.

ಕಾರು ಸದ್ದಿಲ್ಲದೆ ಹೊಳೆಗೆ ಇಳಿಯಿತು. ಭಾವ ದಡದಲ್ಲೇ ನಿಂತಿದ್ದರು. ಅತ್ತೆ ಮಗನ ಒದ್ದೆ ತಲೆಯನ್ನು ತಮ್ಮ ಸೆರಗಿನಿಂದ ಒರೆಸತೊಡಗಿದರು. ಗಾಜು ಕೊಯ್ದು ಅತ್ತೆಯ ಮುಂಗೈಯಿಂದ ರಕ್ತ ಸುರಿಯುತ್ತಿರುವುದು ಆಗ ಕಂಡಿತು.

“ಹತ್ತಿ, ಕುಂದಾಪ್ರ ಆಸ್ಪತ್ರೆಗ್ ಹೋಪ” ಎಂದ ರಘು.

ತೆಂಗಿನಕಾಯಿಗಳ ಮೇಲೆ ಕೂತು ನಾನು ಹಿಂತಿರುಗಿ ನೋಡಿದೆ. ಕಾರು ಪೂರ್ತಿ ಮುಳುಗಿತ್ತು. ಕೆಂಪು ನೀರಿನಡಿಯಲ್ಲಿ ಅದರ ಎರಡೂ ದೀಪಗಳು ಇನ್ನೂ ಉರಿಯುತ್ತಿದ್ದವು.