ಮಾವಶಿ ಬಾಯಿ ತೆರೆದು ತೋರಿಸಿದ ಸಂಜೆ

ಅಕ್ಕಾತಾಯಿ ಮಾವಶಿ ತವೆಯ ಮೇಲೆ ತಂಬಾಕು ಹುರಿಯಲು ಕೂತಳೆಂದರೆ ನಿಪ್ಪಾಣಿಯ ನಮ್ಮ ಓಣಿಯೆಲ್ಲ ಸೀನುತ್ತಿತ್ತು. ಹೆಂಗಸರು ಮೂಗಿಗೆ ಸೆರಗು ಹಿಡಿದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಎದುರುಮನೆಯ ಮುದುಕ ಕೆಮ್ಮುತ್ತಲೇ ಬೈಯುತ್ತಿದ್ದ. ಮಾವಶಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. "ಸೀನ್ರಿ, ಸೀನ್ರಿ, ತಲಿ ಹಗರ ಆಕ್ಕೈತಿ" ಎನ್ನುತ್ತ ಕರ್ರಗಾದ ಎಲೆಯನ್ನು ಅರೆದು ಡಬ್ಬಿಗೆ ತುಂಬುತ್ತಿದ್ದಳು. ಅದೇ ಮಿಶ್ರಿ. ಬೆಳಗ್ಗೆ ಎದ್ದು ಬೆರಳಿನಿಂದ ಅದನ್ನು ಹಲ್ಲಿಗೆ ತಿಕ್ಕಿಕೊಳ್ಳದೆ ಆಕೆಗೆ ಚಹಾ ಇಳಿಯುತ್ತಿರಲಿಲ್ಲ. ಊಟವಾದ ಮೇಲೊಮ್ಮೆ, ತಲೆ ನೋವು ಬಂದರೆ ಒಮ್ಮೆ, ಸೊಸೆಯ ಮೇಲೆ ಸಿಟ್ಟು ಬಂದರೆ ಇನ್ನೊಮ್ಮೆ.

ನಾನು ಸರಕಾರಿ ಉಪಕೇಂದ್ರದಲ್ಲಿ ನರ್ಸು. ಮಾವಶಿಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸಂಬಂಧದಲ್ಲಿ ಚಿಕ್ಕಮ್ಮನೇನೂ ಅಲ್ಲ, ಓಣಿಗೆಲ್ಲ ಮಾವಶಿ ಆದದ್ದರಿಂದ ನನಗೂ ಮಾವಶಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಂಬಾಕಿನ ವಖಾರಿನಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ಆರಿಸುತ್ತ ಮಗನನ್ನು ಬೆಳೆಸಿ ಮದುವೆ ಮಾಡಿದವಳು. ಮಾತೂ ಖಾರ, ಊಟವೂ ಖಾರ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಜಜ್ಜಿದ ಖರ್ಡಾ ಇಲ್ಲದೆ ರೊಟ್ಟಿ ಮುರಿಯುತ್ತಿರಲಿಲ್ಲ. ನಾನು ಪಲ್ಯ ಕೊಟ್ಟರೆ, "ಇದೇನ ಬೇ, ಬಾಣಂತಿಗಿ ಮಾಡಿದಂಗ ಮಾಡೀಯಲ್ಲ" ಎಂದು ಮೂಗು ಮುರಿದು, ಬಟ್ಟಲು ಮಾತ್ರ ಖಾಲಿ ಮಾಡಿ ಕೊಡುತ್ತಿದ್ದಳು.

ಒಂದು ಸಲ ನಮ್ಮಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯ ಶಿಬಿರ ಇಟ್ಟರು. ಮೂರು ದಿನ ಮನೆಮನೆ ತಿರುಗಿ ಗಂಟಲು ಹರಿದುಕೊಂಡಿದ್ದೆ. "ಬಾಯಾಗ ಬಿಳಿ ಮಚ್ಚಿ, ಕೆಂಪ ಮಚ್ಚಿ ಕಂಡ್ರ, ಹುಣ್ಣ ಎರಡ-ಮೂರ ವಾರಾದ್ರೂ ಮಾಯಲಿಲ್ಲಂದ್ರ, ಖಾರ ತಿಂದ್ರ ಉರದ್ರ, ಬಾಯಿ ಪೂರಾ ತೆಗಿಯಾಕ ಬರಲಿಲ್ಲಂದ್ರ, ಕುತ್ತಿಗ್ಯಾಗ ಗಂಟ ಹತ್ತಿದ್ರ, ಬಂದ ತೋರಸ್ರಿ." ಹೇಳಿ ಹೇಳಿ ಅದು ನಿದ್ದೆಯಲ್ಲೂ ಬಾಯಿಗೆ ಬರುವಂತಾಗಿತ್ತು. ಆದರೆ ಶಿಬಿರದ ದಿನ ಮಧ್ಯಾಹ್ನದವರೆಗೆ ಬಂದವರು ಇಬ್ಬರೇ ಗಂಡಸರು. ಗಂಡು ಡಾಕ್ಟರ ಮುಂದೆ ಬಾಯಿ ತೆರೆದು ಕೂಡಲು ಯಾವ ಹೆಂಗಸೂ ತಯಾರಿರಲಿಲ್ಲ. ನನಗಂತೂ ಸಾಕುಸಾಕಾಗಿತ್ತು.

ಅದನ್ನು ನೋಡಿ ಮಾವಶಿ ಸೀರೆ ಸಿಕ್ಕಿಸಿಕೊಂಡು ವಖಾರಿಗೆ ಹೋದಳು. ಊಟಕ್ಕೆ ಕೂತಿದ್ದ ಹೆಂಗಸರನ್ನು ಹಾಗೇ ಎಬ್ಬಿಸಿ ಕರೆದುಕೊಂಡು ಬಂದಳು. "ಜಗಳಕ್ಕ ನಿಂತ್ರ ಊರಿಗೆಲ್ಲ ಕಾಣೂಹಂಗ ಬಾಯಿ ತೆಗೀತೀರಿ. ಡಾಕ್ಟರ್ ಮುಂದ ತೆಗಿಯಾಕ ನಾಚಿಕಿ ಬರತೈತೇನ್ರಿ?" ಹೆಂಗಸರು ನಗುತ್ತ, ಬೈಯುತ್ತ ಸಾಲಿಗೆ ನಿಂತರು. ಅವರಲ್ಲಿ ಶೋಭಾ ಎಂಬಾಕೆಯ ಗಲ್ಲದೊಳಗೆ ಬಿಳಿ ಮಚ್ಚೆ ಸಿಕ್ಕಿತು. ಕೂಡಲೇ ಬೆಳಗಾವಿಗೆ ಕಳಿಸಿದೆವು. ಅಷ್ಟನ್ನೇ ಕತ್ತರಿಸಿ ತೆಗೆದರು. ಶೋಭಾ ಈಗಲೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾಳೆ.

ಕೊನೆಗೆ ಮಾವಶಿಗೂ ಕೂಡಲು ಹೇಳಿದೆ. "ನನ್ನ ಬಾಯಾಗ ಇರೂವು ನಾಕ ಹಲ್ಲ. ಅವನ್ನೇನ ನೋಡ್ತಾರ ಬಿಡು" ಎಂದು ಡಾಕ್ಟರಿಗೆ ಚಹಾ ಮಾಡಲು ಎದ್ದುಹೋದಳು. ನಾನೂ ಒತ್ತಾಯ ಮಾಡಲಿಲ್ಲ. ರಜಿಸ್ಟರು ಬರೆಯುವುದಿತ್ತು.

ಮುಂದಿನ ಮಳೆಗಾಲ ದಾಟುವ ಹೊತ್ತಿಗೆ ಮಾವಶಿ ಖರ್ಡಾ ಬಿಟ್ಟಳು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನತೊಡಗಿದಳು. ನಾನು ದಿನಾ ನೋಡುತ್ತಿದ್ದೆ. "ವಯಸ್ಸಾತು ಮಾವಶಿ" ಎಂದು ನಕ್ಕೆ ಕೂಡ. "ಹೌದ ಬೇ, ಖಾರ ಹಚ್ಚಿದ್ರ ಬೆಂಕಿ ಇಟ್ಟಂಗ ಆಗತೈತಿ" ಎಂದಳು. ಊರೆಲ್ಲ ತಿರುಗಿ ನಾನು ಒದರಿದ್ದ ಮಾತನ್ನೇ ಆಕೆ ನನ್ನೆದುರಿಗೆ ಕೂತು ಹೇಳುತ್ತಿದ್ದಳು. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಥೂ, ಎಂಥ ನರ್ಸು ನಾನು!

ಅದಾಗಿ ಕೆಲವು ದಿನಕ್ಕೆ, ಒಂದು ಲಸಿಕೆಯ ದಿನ. ಬೆಳಗಿನಿಂದ ಕೂಸುಗಳ ಅಳು, ತಾಯಂದಿರ ತಕರಾರು. ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದಿದ್ದೆ, ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಮಾವಶಿ ಬಂದಳು. "ಸುನಂದಾ, ಗಲ್ಲದ ಒಳಗ ಏನೋ ಆಗೇತಿ, ಚೂರ ನೋಡ ಬೇ" ಎಂದು ಬೆರಳಿನಿಂದ ಗಲ್ಲ ಎಳೆದು, ಬಾಯಿ ತೆರೆದು ನನ್ನ ಮುಂದೆ ನಿಂತಳು. ಆ ಬಾಯಿ ಪೂರ್ತಿ ತೆರೆದಿರಲಿಲ್ಲ ಎನ್ನುವುದು ಈಗ ನೆನಪಾಗುತ್ತದೆ. ನಾನು ಎದ್ದು ಒಳಗಿನಿಂದ ಬ್ಯಾಟರಿ ತರಬೇಕಿತ್ತು, ಅಷ್ಟೇ. ಹತ್ತು ಹೆಜ್ಜೆಯ ಕೆಲಸ.

"ಉಷ್ಣ ಆಗಿರಬೇಕ ಮಾವಶಿ, ಮಜ್ಜಿಗಿ ಕುಡಿ. ನಾಳೆ ನೋಡೂಣಂತ" ಎಂದೆ.

"ಹೂಂ, ಭಾಳ ದಣದೀ ನೀ. ಕೂಡ, ಕೂಡ" ಎಂದು ಆಕೆಯೇ ನನಗೆ ಒಂದು ತಂಬಿಗೆ ನೀರು ತಂದುಕೊಟ್ಟಳು.

ಆ ನಾಳೆ ಬರಲು ಐದು ತಿಂಗಳಾಯಿತು. ಮಾವಶಿ ಮತ್ತೆ ಕೇಳಲಿಲ್ಲ. ನರ್ಸೇ ಉಷ್ಣ ಎಂದ ಮೇಲೆ ಉಷ್ಣವೇ. ಮಜ್ಜಿಗೆ ಕುಡಿದಳು. ನೋವು ಜಾಸ್ತಿಯಾದಾಗ ಹುಣ್ಣಿನ ಮೇಲೆ ಮಿಶ್ರಿ ಒತ್ತಿ ಇಟ್ಟುಕೊಂಡಳು. ಮಿಶ್ರಿ ಇಟ್ಟರೆ ಆ ಜಾಗ ಜೋಮು ಹಿಡಿಯುತ್ತದೆ, ನೋವು ತಿಳಿಯುವುದಿಲ್ಲ. ಹಲ್ಲುನೋವಿಗೂ ಅದೇ, ಹುಣ್ಣಿಗೂ ಅದೇ, ನಮ್ಮ ಕಡೆಯ ಹೆಂಗಸರ ಔಷಧ ಅದು. ರೋಗ ತಂದದ್ದನ್ನೇ ಆಕೆ ರೋಗಕ್ಕೆ ಹಚ್ಚುತ್ತಿದ್ದಳು, ಗೋಡೆಯ ಈಚೆ ನಾನು ಅಡುಗೆ ಮಾಡಿಕೊಂಡಿದ್ದೆ. ದವಡೆಯ ಕೆಳಗೆ ಗಂಟು ಎದ್ದು, ಬಾಯೊಳಗೆ ಒಂದು ಬೆರಳೂ ಹೋಗದಂತಾದಾಗ ಸೊಸೆ ಹೆದರಿ ನನ್ನನ್ನು ಕರೆದಳು. ಬ್ಯಾಟರಿ ಹಿಡಿದು ನೋಡಿದೆ. ನೋಡಿದ ಕೂಡಲೇ ಗೊತ್ತಾಯಿತು.

ಬೆಳಗಾವಿಯ ಆಸ್ಪತ್ರೆಯಲ್ಲಿ ಡಾಕ್ಟರು ಚೀಟಿಗಳನ್ನೆಲ್ಲ ನೋಡಿ ಕೇಳಿದರು, "ಇಷ್ಟ ದಿನ ಯಾರಿಗೂ ತೋರಸಲಿಲ್ಲೇನ್ರಿ ಆಯಿ?"

ಸೊಸೆ, ಪಾಪ, ಏನೂ ತಿಳಿಯದೆ ನನ್ನ ಕಡೆ ಕೈ ಮಾಡಿದಳು. "ಬಾಜೂ ಮನ್ಯಾಗ ಈ ನರ್ಸಬಾಯಿ ಅದಾರ್ರಿ."

ಡಾಕ್ಟರು ನನ್ನತ್ತ ತಿರುಗಿದರು. "ನೀವ್ ಇದ್ದೂ ಹಿಂಗಾತೇನ್ರಿ?"

ಅಷ್ಟರಲ್ಲಿ ಮಾವಶಿ ಬಾಯಿಗೆ ಹಿಡಿದಿದ್ದ ಸೆರಗು ತೆಗೆದಳು. ಮಾತು ತೊದಲುತ್ತಿತ್ತು. ಒಂದೊಂದೇ ಶಬ್ದ ಹೊರಡಿಸಿ ಹೇಳಿದಳು, "ಆಕಿ ಭಾಳ ಸಲ ಹೇಳ್ಯಾಳ್ರಿ ಸಾಹೇಬ್ರ. ತೋರ್ಸು ತೋರ್ಸು ಅಂತ ಬೆನ್ನ ಹತ್ತಿದ್ಳು. ನಾನ ಕೇಳಲಿಲ್ಲ."

ಡಾಕ್ಟರು ನಿಟ್ಟುಸಿರು ಬಿಟ್ಟರು. "ನೋಡ್ರಿ ಸಿಸ್ಟರ್, ನಾವು ಎಷ್ಟ ಹೇಳಿದ್ರೂ ಇವ್ರು ಹಿಂಗ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಮಾವಶಿಯ ಮುಂದೆಯೇ ತಲೆಯಾಡಿಸಿದೆ.

ಮಾವಶಿ ಹೋಗಿ ಎರಡು ವರ್ಷವಾಯಿತು. "ನರ್ಸಬಾಯಿ ಬಡಕೊಂಡ್ರೂ ನಮ್ಮತ್ತಿ ಕೇಳಲಿಲ್ಲ, ನೀವರ ಕೇಳ್ರಿ" ಎಂದು ಸೊಸೆ ಈಗಲೂ ವಖಾರಿನಲ್ಲಿ ಹೇಳುತ್ತಾಳಂತೆ. ಅದನ್ನು ಕೇಳಿ ಹೆಂಗಸರು ತಾವಾಗಿಯೇ ನನ್ನ ಹತ್ತಿರ ಬಾಯಿ ತೋರಿಸಲು ಬರುತ್ತಾರೆ. ಎಷ್ಟೇ ದಣಿದಿದ್ದರೂ ಎದ್ದು ನೋಡುತ್ತೇನೆ. ಸೊಸೆಯ ಮಾತನ್ನು ಮಾತ್ರ ಇಷ್ಟು ದಿನ ತಿದ್ದಲಿಲ್ಲ, ಧೈರ್ಯ ಬರಲಿಲ್ಲ. ಈಗ ಬರೆದಿಡುತ್ತೇನೆ: ನಾನು ಬೆನ್ನು ಹತ್ತಿ ಹೇಳಿರಲಿಲ್ಲ. ಅಕ್ಕಾತಾಯಿ ತಾನಾಗಿ ತೋರಿಸಲು ಬಂದಿದ್ದಳು. ನಾನು ನೋಡಲಿಲ್ಲ.