ಕಾಕಾ ಮುಟ್ಟದ ನಾಯಿ

ಆ ನಾಯಿಯನ್ನು ನಾನು ತಂದದ್ದು ಮಸಗುಪ್ಪಿಯಿಂದ. ಅಲ್ಲಿ ನಮ್ಮ ಮೈದುನನ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದ ಗ್ಯಾಂಗಿನವರು, ಇನ್ನು ನಾಲ್ಕು ಸಾಲು ಉಳಿದಿವೆ ಅನ್ನುವಾಗ ಕುಡುಗೋಲು ನಿಲ್ಲಿಸಿ ಕೂಗಿದರು. ಒಳಗೆ ಒಂದು ಹೆಣ್ಣು ನಾಯಿ. ಕಬ್ಬಿನಲ್ಲೇ ಹುಟ್ಟಿ ಕಬ್ಬಿನಲ್ಲೇ ಬೆಳೆದದ್ದು, ವರ್ಷ ತುಂಬಿರಬೇಕು. ಮರೆಗಿದ್ದ ಕಬ್ಬೇ ಹೋದ ಮೇಲೆ ಎತ್ತ ಓಡಬೇಕೆಂದು ತಿಳಿಯದೆ ಬದುವಿಗೆ ಅಂಟಿಕೊಂಡು ನಡುಗುತ್ತಿತ್ತು. ಬಲೆ ಹಾಕಿ ಹಿಡಿದು ಕೊಟ್ಟರು. ಟಂಟಂನಲ್ಲಿ ಹಾಕಿಕೊಂಡು ಮೂಡಲಗಿಯ ಮನೆಗೆ ತಂದೆ.

ಗೋಕಾಕದ ದನದ ಡಾಕ್ಟರು ಮರಿ ಆಗದಂತೆ ಆಪರೇಶನ್ನು, ಸೂಜಿ ಎಲ್ಲ ಮುಗಿಸಿ, "ಮೈಯಾಗ ಏನೂ ರೋಗ ಇಲ್ರಿ, ಬರೇ ಹೆದರಿಕಿ. ಅದಾಗೇ ನಿಮ್ಮ ಕಡೆ ಬರೂತನಕ ನೀವು ಅದರ ಕಡೆ ಹೋಗಬ್ಯಾಡ್ರಿ" ಅಂದರು. ನನಗೆ ನಗು ಬಂತು. ನೌಕರಿ ಇದ್ದಷ್ಟು ದಿನವೂ ಒಂದನೇ ಇಯತ್ತೆಯ ಅಳುವ ಮಕ್ಕಳನ್ನು ದಾರಿಗೆ ತಂದವಳು ನಾನು. ನಾಯಿ ಯಾವ ಲೆಕ್ಕ?

ನಾಯಿ ಹಿತ್ತಲಿನ ಕಟ್ಟಿಗೆ ಒಟ್ಟಿಲ ಹಿಂದೆ ಸೇರಿಕೊಂಡಿತು. ಹಗಲೆಲ್ಲ ಹೊರಗೆ ಬರಲೇ ಇಲ್ಲ. ನಾನು ದಿನಕ್ಕೆ ಮೂರು ಸಲ ಬಗ್ಗಿ, ರೊಟ್ಟಿ ಹಿಡಿದು, ಬಾ ಬಾ ಎಂದು ಕರೆದು, ಅದು ಬಾರದಿದ್ದರೆ ಕೈ ತೂರಿಸಿ ತಲೆ ಸವರುತ್ತಿದ್ದೆ. ಹಾಗೆ ಸವರಿದಾಗೆಲ್ಲ ಅದು ಕುಳಿತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ನಾನು ಬಯ್ಯುತ್ತಿದ್ದೆ. ಅನ್ನ ಹಾಕಿದವರ ಗುರುತಿಲ್ಲದ ಜಾತಿ, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಿದ್ದೆ. ಅದು ನನ್ನನ್ನು ಪ್ರೀತಿಸಬೇಕಿತ್ತು, ಅದೂ ಬೇಗ ಪ್ರೀತಿಸಬೇಕಿತ್ತು. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ನಮ್ಮ ಹಿತ್ತಲಿಗೂ ಬಾಜೂ ಮನೆಯ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಆಚೆ ಗಾದಿ ಹೊಲಿಯುವ ಕಾಕಾ. ಮನೆತನದ ಕಸುಬು. ಅರಳೆಯನ್ನು ಬಿಸಿಲಿಗೆ ಹರವಿ, ಬೆತ್ತದಿಂದ ಬಡಿದು, ಚೀಲಕ್ಕೆ ತುಂಬಿ, ಉದ್ದ ಸೂಜಿಯಿಂದ ಹೊಲಿಯುತ್ತ ದಿನವಿಡೀ ಅಂಗಳದಲ್ಲೇ ಕೂತಿರುತ್ತಿದ್ದರು. ಒಂದು ದಿನ ನೋಡುತ್ತೇನೆ, ನನ್ನ ನಾಯಿ ಗೋಡೆ ಒಡೆದ ಸಂದಿಯಲ್ಲಿ ಮೂತಿ ಇಟ್ಟು ಅವರನ್ನು ನೋಡುತ್ತ ಮಲಗಿದೆ! ಕಾಕಾ ಅತ್ತ ತಿರುಗದೇ ರೊಟ್ಟಿ ಚೂರೊಂದನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದರು. ಅದು ತಿಂದಿತು.

"ಏನ್ ಕಾಕಾ, ಮಂತ್ರ ಹಾಕೀರೇನು?" ಅಂದೆ. ನಗುವಿನಲ್ಲಿ ಹೊಟ್ಟೆಕಿಚ್ಚೂ ಇತ್ತು.

"ಮಂತ್ರ ಎಲ್ಲೀದ್ರಿ ಅಕ್ಕಾರ. ನಮಾಜಿಗೆ ನಿಂದ್ರೂ ಅರಿವಿ ಇವು. ಅದರ ಜೊಲ್ಲು ತಾಗಿದ್ರ ಮತ್ತ ತೊಳೀಬೇಕು. ಹಿಂಗಾಗಿ ನಾ ಅದನ್ನ ಮುಟ್ಟಾಕ ಹೋಗಂಗಿಲ್ಲ. ಮುಟ್ಟಂಗಿಲ್ಲ ಅಂತ ಅದಕ್ಕೂ ಗೊತ್ತಾಗೇತಿ. ನೀವೂ ಬೆನ್ನ ಮಾಡಿ ಕುಂದರ್ರಿ, ಕೈ ಚಾಚಬ್ಯಾಡ್ರಿ."

ಡಾಕ್ಟರು ಹೇಳಿದ್ದೂ ಅದನ್ನೇ. ಆದರೆ ನಾಯಿ ಸಾಕುವುದನ್ನು ನಾಯಿ ಮುಟ್ಟದವರಿಂದ ಕಲಿಯುವುದೇ ಎಂದು ನಾನು ಒಳಗೆ ಹೋದೆ.

ಆ ಹೊತ್ತಿಗಾಗಲೇ ಹುಕ್ಕೇರಿಯಲ್ಲಿದ್ದ ತಂಗಿಗೆ ಫೋನಿನಲ್ಲಿ ಬಡಾಯಿ ಕೊಚ್ಚಿದ್ದೆ. ಕಬ್ಬಿನ ನಾಯಿ ಈಗ ನನ್ನ ಕೈಯಲ್ಲೇ ತಿನ್ನುತ್ತದೆ, ಕರೆದರೆ ಬರುತ್ತದೆ ಅಂತ. ಅವಳು ಒಂದು ಭಾನುವಾರ ಹೊಸ ಬೀಗರನ್ನೂ ಕರೆದುಕೊಂಡು ಬಂದಳು. ಒಟ್ಟು ಹತ್ತು ಜನ. ಚಹಾ ಆಯಿತು, ಕರದಂಟು ಆಯಿತು. "ಅಕ್ಕಾ, ಎಲ್ಲೈತಿ ನಿನ್ನ ನಾಯಿ? ತೋರಸಲ್ಲ" ಅಂದಳು.

ನಾಯಿಗೆ ಹುಷಾರಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಹಿತ್ತಲಿಗೆ ಹೋದೆ. ಕಟ್ಟಿಗೆ ಸರಿಸಿ, ಕೊರಳಿಗೆ ಹಗ್ಗ ಹಾಕಿ, ಎಳೆದೆ. ಅದು ನಾಲ್ಕೂ ಕಾಲು ಊರಿ ನಿಂತಿತು. ಬೀಗರೆಲ್ಲ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ನಾನು ಇನ್ನೂ ಜೋರಾಗಿ ಎಳೆದೆ. ನಾಯಿ ತಿರುಗಿ ನನ್ನ ಅಂಗೈಗೆ ಕಚ್ಚಿತು, ಕುಣಿಕೆಯಿಂದ ಕತ್ತು ಬಿಡಿಸಿಕೊಂಡು ಗೋಡೆ ಹಾರಿತು.

ಗೋಡೆಯಾಚೆ ಕಾಕಾ ಯಾರದೋ ಮದುವೆಯ ಗಾದಿಗೆ ಬಿಳಿ ಅರಳೆ ಹರವಿ ಬಡಿಯುತ್ತಿದ್ದರು. ನಾಯಿ ಅದರ ಮೇಲೆಯೇ ಬಿದ್ದು, ಉಚ್ಚೆ ಹೊಯ್ದು, ತೆರೆದಿದ್ದ ಬಾಗಿಲಿನಿಂದ ಬೀದಿಗೆ ಓಡಿತು. ಅದು ಬಿದ್ದ ಕೂಡಲೇ ಪಕ್ಕಕ್ಕೆ ಇಳಿದ ಕಾಕಾನ ಬೆತ್ತ ಇಳಿದೇ ಇತ್ತು. ಮೇಲೆ ಏಳಲಿಲ್ಲ. ನಾನು ಗೋಡೆಗೆ ಎದೆ ಕೊಟ್ಟು ನಿಂತು ಕಣ್ಣಾರೆ ನೋಡಿದೆ. ಬಾಗಿಲಲ್ಲಿ ನಿಂತವರಿಗೆ ಅದು ಕಾಣುವಂತಿರಲಿಲ್ಲ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕುಣಿಯಲಾರದವಳಿಗೆ ನೆಲ ಡೊಂಕು.

"ನಿಮ್ಮವರಿಗೆ ನಾಯಿ ಅಂದ್ರ ಆಗಂಗಿಲ್ಲ ಅಂತ ಗೊತ್ತೈತಿ" ಎಂದು ನಾನು ಕಿರುಚಿದೆ. "ಅದಕ್ಕ ಬೆತ್ತ ತಗೊಂಡ ಹೊಡದ್ರೇನು? ಮೂಕಪ್ರಾಣಿ ಮನಿ ಬಿಟ್ಟ ಓಡಿ ಹೋತಲ್ಲ!"

'ನಿಮ್ಮವರಿಗೆ' ಅಂದೆ. ಎಷ್ಟೋ ವರ್ಷಗಳಿಂದ ನನ್ನ ಮನೆಯ ಗಾದಿಗಳನ್ನೆಲ್ಲ ಹೊಲಿದುಕೊಟ್ಟ ಮನುಷ್ಯನಿಗೆ ಅಂದೆ.

ಕಾಕಾ ಒಮ್ಮೆ ಬೀಗರ ಕಡೆ, ಒಮ್ಮೆ ನನ್ನ ಕಡೆ ನೋಡಿದರು. "ಅಕ್ಕಾರ, ಕೈಯಿಂದ ರಕ್ತ ಸೋರಾಕತ್ತೈತಿ. ಮೊದಲ ಸಾಬೂನ ಹಚ್ಚಿ ತೊಳಕೋರಿ. ಇವತ್ತ ಸೂಜಿ ಮಾಡಿಸ್ಕೋರಿ" ಅಂದರು. ಅಷ್ಟೇ.

ಘಟಪ್ರಭಾದ ಆಸ್ಪತ್ರೆಯಲ್ಲಿ ಸೂಜಿ ಮಾಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ತಂಗಿಯ ಬೀಗರು ಆ ಮುದುಕನನ್ನು ಬಯ್ದರು. ನಾನು ಬಸ್ಸಿನ ಕಿಟಕಿಯ ಹೊರಗೆ ನೋಡುತ್ತ ಕೂತೆ.

ಎರಡು ದಿನ ಊರೆಲ್ಲ ಹುಡುಕಿದೆ. ಮೂರನೆಯ ದಿನ ಸಂಜೆ ಕಾಕಾ ನಮ್ಮ ಬಾಗಿಲ ಕಡೆ ಬರುವುದು ಕಂಡಿತು. ಜಗಳಕ್ಕೇ ಬಂದರು ಅಂದುಕೊಂಡೆ, ಅರಳೆ ಕೆಟ್ಟದ್ದಕ್ಕೆ ಬಯ್ಯಲು ಬಂದರು ಅಂದುಕೊಂಡೆ. ಕದ ಹಾಕಿ ಚಿಲಕ ಜಡಿದೆ. ಅವರು ಒಂದು ಸಲ ಮಾತ್ರ ಬಡಿದು ಹೋದರು. ಆಮೇಲೆ ಹಿತ್ತಲ ಗೋಡೆಯ ಕಡೆ ನಾನು ಹಾಯಲೇ ಇಲ್ಲ.

ಹತ್ತನೆಯ ದಿನವೋ ಏನೋ, ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಗೋಡೆಯ ಸಂದಿಯಲ್ಲಿ ಕಂಡದ್ದು ಇದು: ಕಾಕಾ ಬೀದಿ ಬಾಗಿಲನ್ನು ಅರ್ಧ ತೆರೆದಿಟ್ಟು, ಅದಕ್ಕೆ ಬೆನ್ನು ಮಾಡಿ ಹೊಲಿಯುತ್ತಿದ್ದಾರೆ. ಅವರಿಂದ ಎರಡು ಮಾರು ಹಿಂದೆ ನನ್ನ ನಾಯಿ ರೊಟ್ಟಿ ತಿನ್ನುತ್ತಿದೆ.

"ಮೂರು ದಿನಕ್ಕ ತಿರುಗಿ ಬಂತ್ರಿ" ಅಂದರು ಅವರು, ತಲೆ ಎತ್ತದೆ. "ಹೇಳಾಕ ಬಂದಿದ್ದೆ. ನೀವು ಕದಾ ಹಾಕಿದ್ರಿ."

ಒಂದು ರೊಟ್ಟಿ ಹಿಡಿದು ಬೀದಿ ಸುತ್ತಿ ಅವರ ಅಂಗಳಕ್ಕೆ ಹೋದೆ. ಅವರು ತೋರಿಸಿದ ಕಡೆ ನಾಯಿಗೂ ಅವರಿಗೂ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂತೆ. ರೊಟ್ಟಿಯ ಕೈಯನ್ನು ಹಿಂದಕ್ಕೆ ನೆಲದ ಮೇಲೆ ಇಟ್ಟೆ. ಯಾರ ಮುಖವೂ ಕಾಣದಿದ್ದುದರಿಂದಲೋ ಏನೋ, ಮಾತು ಹೊರಬಿತ್ತು.

"ಕಾಕಾ, ನೀವು ಹೊಡೀಲಿಲ್ಲ. ನಾ ನೋಡೀನಿ."

ಸೂಜಿ ಬಟ್ಟೆಯೊಳಗೆ ಹೋಗಿ ಬರುವ ಸದ್ದು ನಿಂತಿತು.

"ನೀವು ಗ್ವಾಡಿಗೆ ನಿಂತ ನೋಡೂದನ್ನ ನಾನೂ ನೋಡೀನ್ರಿ ಅಕ್ಕಾರ" ಅಂದರು. "ಕೈ ಅಲುಗಸಬ್ಯಾಡ್ರಿ. ಅದು ಬರಾಕತ್ತೈತಿ."

ಬೆರಳಿಗೆ ಬಿಸಿ ಉಸಿರು ತಾಗಿತು. ರೊಟ್ಟಿ ಹೋಯಿತು. ನಾನು ಅಳುತ್ತಿದ್ದುದು ನಾಯಿಗೂ ಕಾಣಲಿಲ್ಲ, ಕಾಕಾನಿಗೂ ಕಾಣಲಿಲ್ಲ.

ಈಗ ಅದು ಹಗಲು ಅವರ ಅಂಗಳದಲ್ಲಿ, ರಾತ್ರಿ ನಮ್ಮ ಹಿತ್ತಲಿನಲ್ಲಿ ಇರುತ್ತದೆ. ಕರೆಯದಿದ್ದರೆ ತಾನೇ ಬರುತ್ತದೆ. ತಂಗಿ ಫೋನ್ ಮಾಡಿದಾಗೆಲ್ಲ, "ನಾಯಿ ಹೊಡದ ಆ ಮುದುಕ ಹೆಂಗದಾನ?" ಎಂದು ಕೇಳುತ್ತಾಳೆ. ಅವಳ ಬೀಗರ ಮನೆಯಲ್ಲೂ ಅದೇ ಮಾತಂತೆ. ಹತ್ತು ಜನರ ಮುಂದೆ ಆಡಿದ ಸುಳ್ಳನ್ನು ನಾನು ತಿದ್ದಿಕೊಂಡದ್ದು ಕಾಕಾನ ಮತ್ತು ಒಂದು ನಾಯಿಯ ಮುಂದೆ, ಅದೂ ಗೋಡೆಗೆ ಮುಖ ಮಾಡಿ. ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ. "ಆರಾಮ ಅದಾರ" ಎಂದು ಹೇಳಿ, ನಿಮ್ಮ ಕಡೆ ಮಳೆ ಹೇಗಿದೆ ಎಂದು ಕೇಳುತ್ತೇನೆ.